ಕಿರುಗುಡುವ ಕ್ಲಚ್ಚು ಮತ್ತು ಲಕ್ಷ್ಮಿದೇವಮ್ಮನ ಎಂಟು

ನನ್ನ ತಂಗಿಯ ಮಗಳು ಮಾಲೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದ್ದಾಳೆ. ಸೇರುವ ಮುಂಚೆ ಮನೆಗೆ ಬಂದು, "ದೊಡ್ಡಮ್ಮ, ಈ ಕೆಲಸದಲ್ಲಿ ತುಂಬಾ ಕಷ್ಟ ಯಾವುದು?" ಎಂದು ಕೇಳಿದಳು. ಲಾರಿಗಳು ಎನ್ನುತ್ತೇನೆ, ಇಲ್ಲವೇ ಗಂಡಸರು ಎನ್ನುತ್ತೇನೆ ಎಂದುಕೊಂಡಿದ್ದಳೋ ಏನೋ. ನಾನು "ಸದ್ದು" ಎಂದೆ. ಅವಳಿಗೆ ನಗು ಬಂತು.

ಅವಳ ಸ್ಕೂಲಿನ ಕಾರು ಹೊಸದು. ಬೆಲ್ಟ್ ಹಾಕದಿದ್ದರೆ ಟಿಂಗ್ ಟಿಂಗ್ ಎನ್ನುವುದು ಬಿಟ್ಟರೆ ಅದರಲ್ಲಿ ಬೇರೆ ಸದ್ದಿಲ್ಲ. ಅದರಲ್ಲಿ ಕೂರಿಸುವ ಮೊದಲು ಕಲಿಯುವವರನ್ನು ಟಿವಿಯಂಥ ಪರದೆಯ ಮುಂದೆ ಕೂರಿಸಿ ಸ್ಟೇರಿಂಗ್ ತಿರುಗಿಸಲು ಹೇಳಿಕೊಡುತ್ತಾರಂತೆ. ಪರದೆಯ ಮೇಲಿನ ಎಮ್ಮೆಗೆ ಗುದ್ದಿದರೆ ಎಮ್ಮೆಯ ಯಜಮಾನ ಜಗಳಕ್ಕೆ ಬರುವುದಿಲ್ಲ. ಹಾಗೆ ಕಲಿತವರಿಗೂ ಮುಂದೊಂದು ದಿನ ನಿಜವಾದ ಕಾರು, ನಿಜವಾದ ಎಮ್ಮೆ ಸಿಕ್ಕೇ ಸಿಗುತ್ತವೆ. ಅವಳಿಗೂ ಅವಳಂಥವರಿಗೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ನಾನು ವಕ್ಕಲೇರಿ ಕಡೆಯವಳು. ಅಪ್ಪನ ಟ್ರ್ಯಾಕ್ಟರನ್ನು ರಾಗಿ ಹೊಲದಲ್ಲಿ ಓಡಿಸಿ ಕೈ ಪಳಗಿಸಿಕೊಂಡೆ. ಮದುವೆಯಾಗಿ ಕೋಲಾರಕ್ಕೆ ಬಂದ ಮೇಲೆ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡೆ. ಆಗ ಹೆಂಗಸರು ಕಾರು ಕಲಿಯುವುದು ಶುರುವಾಗಿತ್ತು. ಕಲಿಸುವವಳೂ ಹೆಂಗಸೇ ಆದರೆ ಕಳಿಸುತ್ತೇವೆ ಎಂದು ಮನೆಯವರು ಹೇಳುತ್ತಿದ್ದರು. ಸ್ಕೂಲಿನ ಯಜಮಾನರು ಚೌಡಪ್ಪನವರು ಮುಳಬಾಗಿಲಿನವರು. ಮೊದಲು ಬಸ್ಸು ಓಡಿಸುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು ಅವರ ಮಾತು. ನನ್ನನ್ನು ಸೇರಿಸಿಕೊಂಡ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ಸರೋಜಮ್ಮ, ನೀನು ಕಿರುಚ್ತೀಯಾ?"

"ಇಲ್ಲ ಸಾರ್."

"ಸರೇ. ಪಕ್ಕದಲ್ಲಿ ಕೂತೋರು ಕಿರುಚಬಾರ್ದು. ಉಳಿದಿದ್ದೆಲ್ಲಾ ಅಭ್ಯಾಸ ಆಗ್ತದೆ."

ನಮ್ಮ ಕಾರಿನಲ್ಲಿ ಎರಡು ಜೊತೆ ಪೆಡಲ್ ಇದ್ದವು. ಬಲಗಡೆ ಕಲಿಯುವವರಿಗೆ, ಎಡಗಡೆ ಕಲಿಸುವವಳಿಗೆ. ಎರಡನ್ನೂ ಕೆಳಗೆ ಒಂದು ಸರಳಿನಿಂದ ಸೇರಿಸಿದ್ದರು. ಅವರು ಕ್ಲಚ್ ಒತ್ತಿದರೆ ನನ್ನ ಕಾಲ ಬಳಿಯ ಕ್ಲಚ್ಚೂ ತಾನಾಗಿ ಕೆಳಗಿಳಿಯುತ್ತಿತ್ತು, ನಾನು ಒತ್ತಿದರೆ ಅವರದೂ ಇಳಿಯುತ್ತಿತ್ತು. ಇಷ್ಟು ತಿಳಿದಿದ್ದರೆ ಮುಂದಿನ ಕಥೆಗೆ ಸಾಕು.

ಆ ಕ್ಲಚ್ಚು ಒಂದು ಸುಗ್ಗಿ ಕಾಲದಲ್ಲಿ ಕಿರುಗುಡಲು ಶುರುಮಾಡಿತು. ಒತ್ತಿದಾಗ ಅಷ್ಟಿಲ್ಲ, ನಿಧಾನವಾಗಿ ಬಿಡುವಾಗ ಮಾತ್ರ "ಕೀಂ...ಯ್" ಎಂದು ಎಳೆಯುತ್ತಿತ್ತು. ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ. ಶಿವಾರಪಟ್ಟಣದ ಒಬ್ಬ ಶಿಲ್ಪಿ ಆಗ ನಮ್ಮಲ್ಲಿ ಕಲಿಯುತ್ತಿದ್ದರು. ಸದ್ದು ಬಂದಾಗಲೆಲ್ಲ ಅವರು ಸ್ಟೇರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿಬಿಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಉಳಿ ಜಾರಿದ್ರೆ ಇಂಗೇ ಸದ್ದು ಬರ್ತದೆ ಮೇಡಮ್. ದೇವ್ರ ಮೂಗು ಹೋಯ್ತು ಅಂತ ಎದೆ ಝಲ್ ಅಂತದೆ" ಎಂದರು. ಅವರಿಗೆ ಕಲಿಸಿದಷ್ಟು ದಿನ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ.

ರಿಪೇರಿ ಮಾಡಿಸೋಣವೆಂದು ಚೌಡಪ್ಪನವರಿಗೆ ಹೇಳಿದೆ. ಅವರದು ಬಸ್ಸಿನ ಕಾಲದ ವೈದ್ಯ. ಮನೆಯಿಂದ ಹರಳೆಣ್ಣೆ ತಂದು, ಕಾರಿನೊಳಗೆ ತಲೆ ತೂರಿಸಿ, ಕಲಿಯುವವರ ಪೆಡಲಿಗೆ ತಲೆಯಿಂದ ಬುಡದವರೆಗೆ ಅಭ್ಯಂಜನ ಮಾಡಿಸಿದರು. ಬಾಣಂತಿಯ ಮಗುವಿಗೂ ಅಷ್ಟು ಎಣ್ಣೆ ಹಚ್ಚುವುದಿಲ್ಲ. "ಚೂಡು, ನೋಡ್ತಾ ಇರು, ಇನ್ನು ಗಪ್‌ಚಿಪ್" ಎಂದು ಕೈ ಒರೆಸಿಕೊಂಡರು. ಸದ್ದು ನಿಂತಹಾಗೆಯೇ ಕಂಡಿತು.

ಅದಾದ ಮೇಲೆ ಮೊದಲು ಕೂತವರು ರಾಮಯ್ಯ ಮೇಷ್ಟ್ರು, ನಿವೃತ್ತ ಗಣಿತ ಶಿಕ್ಷಕರು. ಊರಾಚೆ ಹಳ್ಳಿಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡಿಸುವುದನ್ನು ಹೇಳಿಕೊಡುತ್ತಿದ್ದೆ. ಮೇಷ್ಟ್ರು ಗೇರ್ ಹಾಕಿದರು, ಆಕ್ಸಿಲರೇಟರ್ ಒತ್ತಿದರು, ಕ್ಲಚ್ ಮೇಲಿನ ಕಾಲು ಎಣ್ಣೆಗೆ ಸರ್ರನೆ ಜಾರಿ ಪಕ್ಕಕ್ಕೆ ಬಿತ್ತು. ಕಾರು ಕಪ್ಪೆಯಂತೆ ನೆಗೆಯಿತು. ನಾನು ಬ್ರೇಕ್ ಒತ್ತಿ ನಿಲ್ಲಿಸುವಷ್ಟರಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ್ದ ರಾಗಿ ಹುಲ್ಲಿನ ನಡುವೆ ಹೋಗಿ ಕೂತಿದ್ದೆವು. ಆ ಕಡೆಯಿಂದ ಒಬ್ಬ ಅಜ್ಜಿ ಮೊರ ಹಿಡಿದುಕೊಂಡು ಎದ್ದು ಬಂದರು. ಮೇಷ್ಟ್ರು ಬೆವರುತ್ತಾ ಕೈ ಮುಗಿದು, "ತಪ್ಪಾಯ್ತು ತಾಯಿ" ಎಂದರು.

ಅಜ್ಜಿ ಕಾರನ್ನು ಒಮ್ಮೆ, ಮೇಷ್ಟ್ರನ್ನು ಒಮ್ಮೆ ನೋಡಿದರು. "ಯಾಕ್ ನಿಲ್ಸಿದ್ರಿ? ಬೆಳಗ್ಗಿಂದ ಒಂದು ಗಾಡಿ ಬಂದಿಲ್ಲ ಈ ಕಡೆ. ಇನ್ನೊಂದು ನಾಕು ಸುತ್ತು ಬನ್ನಿ. ಹಿಂದಕ್ಕೂ ಬತ್ತದಾ ಇದು?"

ಮೇಷ್ಟ್ರು ರಿವರ್ಸ್ ಗೇರ್ ಕಲಿತದ್ದು ಆ ರಾಗಿಯ ಮೇಲೆ. ಅಜ್ಜಿ ಮೊರದಿಂದ ಕೈ ತೋರಿಸುತ್ತಾ, "ಆ ಮೂಲೆ ಬಿಟ್ಟೋಯ್ತು ನೋಡಿ" ಎಂದು ಹೇಳುತ್ತಿದ್ದರು, ಮೇಷ್ಟ್ರು ಆ ಮೂಲೆಗೆ ಹೋಗುತ್ತಿದ್ದರು. ನನ್ನ ಯಾವ ಪಾಠವನ್ನೂ ಅವರು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಸಂಜೆ ವಾಪಸು ಬರುವ ದಾರಿಯಲ್ಲಿ ಕ್ಲಚ್ಚು ಮತ್ತೆ ಕಿರುಗುಟ್ಟಿತು. ಪೆಡಲಿನ ಎಣ್ಣೆಯನ್ನು ಸೀಗೆಪುಡಿ ಹಾಕಿ ಉಜ್ಜಿ ತೆಗೆಯುವ ಕೆಲಸ ನನಗೆ ಬಂತು.

ಆಮೇಲೆ ಕಲಿಯುವವರೊಬ್ಬರ ಕೈಯಲ್ಲೇ ಓಡಿಸಿಕೊಂಡು ಮುಳಬಾಗಿಲು ರಸ್ತೆಯಲ್ಲಿ ಶೆಡ್ ಇಟ್ಟಿದ್ದ ಮೆಕ್ಯಾನಿಕ್ ಅನ್ವರ್ ಹತ್ತಿರ ಹೋದೆ. ಅವರ ಕೈ ಒಳ್ಳೆಯದು, ತಾಳ್ಮೆ ಕಡಿಮೆ. ಅವರು ಕೂತು ಕ್ಲಚ್ ಒತ್ತಿದರು, ಬಿಟ್ಟರು. ಸದ್ದಿಲ್ಲ. ಮತ್ತೆ ಒತ್ತಿದರು. ಡಾಕ್ಟರ ಮುಂದೆ ಕೂತ ಮಗುವಿನಂತೆ ಕಾರು ಬಾಯಿ ಮುಚ್ಚಿಕೊಂಡಿತ್ತು.

"ಎಲ್ಲಿ ಮೇಡಮ್ ಸದ್ದು?"

"ಈಗ ಬರೋವಾಗ ಇತ್ತು."

"ಇತ್ತು ಅಂದ್ರೆ ಹೆಂಗ್ ರಿಪೇರಿ ಮಾಡ್ಲಿ? ಇದ್ದಾಗ ಕರ್ಕೊಂಡ್ ಬನ್ನಿ."

ಶೆಡ್ಡಿನಿಂದ ಹೊರಬಿದ್ದು ತಿರುವಿನಲ್ಲಿ ಕಲಿಯುವವರು ಗೇರ್ ಬದಲಿಸುತ್ತಿದ್ದಂತೆ "ಕೀಂ...ಯ್". ತಿರುಗಿಸಿಕೊಂಡು ಹೋದರೆ ಮತ್ತೆ ಮೌನ. ಮುಂದಿನ ಸಲ ಬುದ್ಧಿವಂತಿಕೆ ಮಾಡಿ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದೆ. ಅನ್ವರ್ ಕಣ್ಣು ಮುಚ್ಚಿಕೊಂಡು ಗಂಭೀರವಾಗಿ ಕೇಳಿ, "ನಿಮ್ಮ ಫೋನಿನ ಸ್ಪೀಕರ್ ಹೋಗಿದೆ" ಎಂದರು. ಅಲ್ಲಿಗೆ ನಾನೂ ಸುಮ್ಮನಾದೆ. ಮನೆಯಲ್ಲಿ ಗೊರಕೆ ಹೊಡೆಯುವವರು ಇದ್ದರೆ ಹೇಗೆ ಒಗ್ಗಿಹೋಗುತ್ತದೋ ಹಾಗೆ ಒಗ್ಗಿಹೋಯಿತು.

ಲಕ್ಷ್ಮಿದೇವಮ್ಮ ಬಂದದ್ದು ಆ ಕಾಲದಲ್ಲಿ. ಯಲ್ದೂರು ಹತ್ತಿರದ ಹಳ್ಳಿಯವರು, ನನಗಿಂತ ಸ್ವಲ್ಪ ದೊಡ್ಡವರು. ಮಾವಿನ ತೋಟ, ಒಂದಿಷ್ಟು ಟೊಮೇಟೊ, ಎರಡು ಹಸು. ಮನೆಯಲ್ಲಿ ಒಂದು ವ್ಯಾನ್ ಇತ್ತು. ಅದನ್ನು ಓಡಿಸುತ್ತಿದ್ದ ಅವರ ಯಜಮಾನರು ನಾರಾಯಣಪ್ಪನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಇನ್ನು ಸ್ಟೇರಿಂಗ್ ಹಿಡಿಯಕೂಡದೆಂದು ಡಾಕ್ಟರು ಹೇಳಿದ್ದರು. ವ್ಯಾನ್ ಹುಣಸೆ ಮರದ ಕೆಳಗೆ ನಿಂತು ಕೋಳಿಗಳಿಗೆ ಮನೆಯಾಗಿತ್ತು.

"ಬೇರೆಯೋರ ಗಾಡೀಲಿ ಹಾಕಿದ್ರೆ ಅವ್ರ ಕ್ರೇಟೆಲ್ಲಾ ತುಂಬಿದ್ಮೇಲೆ ನಮ್ದು" ಎಂದರು ಲಕ್ಷ್ಮಿದೇವಮ್ಮ ಮೊದಲ ದಿನ. "ಮಂಡಿಗೆ ಹೋಗೋಷ್ಟ್ರಲ್ಲಿ ಹರಾಜು ಮುಗ್ದು ಎಲ್ರೂ ಟೀ ಕುಡೀತಿರ್ತಾರೆ. ನಾನೇ ಕಲೀತೀನಿ. ಕಲ್ಸಿ."

ಇಷ್ಟು ಸುಲಭವಾಗಿ ಕಲಿತವರನ್ನು ನಾನು ನೋಡಿರಲಿಲ್ಲ. ಬೇರೆಯವರು ಕ್ಲಚ್ ಬಿಡುವಾಗ ಕೆಳಗೆ ಬಗ್ಗಿ ತಮ್ಮ ಕಾಲನ್ನೇ ನೋಡುತ್ತಾರೆ, ಕಾರು ಚರಂಡಿಯನ್ನು ನೋಡುತ್ತದೆ. ಇವರು ಒಮ್ಮೆಯೂ ಬಗ್ಗಲಿಲ್ಲ. ಮೆಚ್ಚಿಕೊಂಡರೆ, "ಹಾಲು ಕರೆಯೋವಾಗ ಕೆಚ್ಚಲು ನೋಡ್ಕೊಂಡು ಕರೀತೀವಾ?" ಎಂದರು. ಕಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೊರಡುತ್ತಿತ್ತು. ನಾನು ಕ್ಲಚ್ಚಿನ ಬಗ್ಗೆ ಉದ್ದುದ್ದ ವಿವರಿಸುತ್ತಿದ್ದೆ. ಎಂಜಿನ್ನಿನ ದನಿ ಇಳಿಯುತ್ತದೆ, ಬಾನೆಟ್ಟು ಒಂದು ಬೆರಳಿನಷ್ಟು ಏಳುತ್ತದೆ, ಆಗ ಕಾಲನ್ನು ಅಲ್ಲೇ ತಡೆಯಬೇಕು, ಇತ್ಯಾದಿ. ಅವರು ತಲೆಯಾಡಿಸುತ್ತಿದ್ದರು. ಎಲ್ಲ ನನ್ನ ವಿವರಣೆಯ ಮಹಿಮೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಬಂದು ನನ್ನನ್ನೇ ತಿದ್ದುತ್ತಿದ್ದ ಒಬ್ಬ ಇಂಜಿನಿಯರಿಂಗ್ ಹುಡುಗಿಗೆ, "ಆ ಅಮ್ಮನನ್ನು ನೋಡಿ ಕಲಿ" ಎಂದೂ ಹೇಳಿದ್ದೆ.

ಒಂದು ಸಲ ಟೆಸ್ಟಿಗೆ ಹೋಗಿ ಎಂಟು ಬರೆಯುವಾಗ ಗೂಟಕ್ಕೆ ತಾಗಿಸಿ ಅವರು ಫೇಲಾಗಿದ್ದರು. ಎಂಟು ಎಂದರೆ ನೆಲದ ಮೇಲೆ ಗೂಟ ನೆಟ್ಟು ಮಾಡಿದ ಎಂಟರ ಆಕಾರದ ದಾರಿ. ಅದರಲ್ಲಿ ಎಲ್ಲೂ ತಾಗಿಸದೆ ಸುತ್ತಿ ಬರಬೇಕು. ಎರಡನೇ ಟೆಸ್ಟಿಗೆ ದಿನ ಸಿಕ್ಕಿತು. ಅವರ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮುಗಿಯುವುದರಲ್ಲಿತ್ತು. ಹಿಂದಿನ ದಿನ ಪ್ರಾಕ್ಟೀಸಿಗೆ ಬಂದಾಗ ಅವರ ಮುಖ ಸಣ್ಣಗಾಗಿತ್ತು.

"ಈ ಸಲಾನೂ ಹೋದ್ರೆ ವ್ಯಾನ್ ಮಾರ್ತಾರಂತೆ. ಭಾನುವಾರ ಶ್ರೀನಿವಾಸಪುರದಿಂದ ಯಾರೋ ನೋಡಕ್ಕೆ ಬತ್ತಾವ್ರೆ."

"ಹೋಗಲ್ಲ ಬಿಡಿ. ಚೆನ್ನಾಗಿ ಓಡಿಸ್ತೀರಿ" ಎಂದೆ.

ಎಂಟು ಬರೆಸುತ್ತಿದ್ದಾಗ ನನ್ನ ಓಲೆಯ ತಿರುಪು ಬಿಚ್ಚಿ ಕಾಲ ಬಳಿ ಬಿತ್ತು. ಅವರಿಗೆ ನಿಧಾನ ಮಾಡಲು ಹೇಳಿ, ಕಾಲನ್ನು ಕ್ಲಚ್ ಮೇಲೆಯೇ ಇಟ್ಟುಕೊಂಡು ಸೀಟಿನಿಂದ ಬಗ್ಗಿ, ತಲೆಯನ್ನು ನನ್ನ ಪೆಡಲುಗಳ ನಡುವೆ ತೂರಿಸಿ ತಡಕಾಡಿದೆ. ಆಗ ಕಿವಿಗೆ ಬಾಯಿಟ್ಟು ಕೂಗಿದಂತೆ "ಕೀಂ...ಯ್" ಎಂದಿತು. ತಿರುಪು ಮರೆತೇಹೋಯಿತು.

"ನಿಲ್ಸಿ. ಇನ್ನೊಂದ್ಸಲ ಒತ್ತಿ ಬಿಡಿ."

ಒತ್ತಿ ಬಿಟ್ಟರು. ನನ್ನ ಪೆಡಲಿನ ಕೀಲಿನ ಮೇಲೆ ಬೆರಳಿಟ್ಟೆ. ಸದ್ದಿನ ಜೊತೆ ಬೆರಳಿಗೂ ನಡುಕ ತಾಗಿತು. ಅಷ್ಟು ಕಾಲ ನಾವು ಎಣ್ಣೆ ಎರೆದದ್ದು, ಅನ್ವರ್ ತಟ್ಟಿ ನೋಡಿದ್ದು ಎಲ್ಲ ಬಲಗಡೆಯ ಪೆಡಲನ್ನು. ಕಿರುಗುಡುತ್ತಿದ್ದದ್ದು ನನ್ನ ಕಾಲ ಕೆಳಗಿನದು. ಅವರು ಒತ್ತಿದಾಗ ಸರಳಿನ ಮೂಲಕ ಇದೂ ಆಡುತ್ತದಲ್ಲ, ಆಗ ಇದರ ಕೀಲು ಅಳುತ್ತಿತ್ತು. ಶೆಡ್ಡಿನಲ್ಲಿ ಸದ್ದು ಬಾರದಿದ್ದುದೂ ಸರಿಯೇ. ಅನ್ವರ್ ನೋಡುವಾಗ ಎಡ ಸೀಟಿನಲ್ಲಿ ನಾನು ಕೂತಿರುತ್ತಿರಲಿಲ್ಲ. ನನ್ನ ಕಾಲಿನ ಭಾರ ತಾಗಿ ಕೀಲು ಓರೆಯಾದಾಗ ಮಾತ್ರ ಅದಕ್ಕೆ ನೋವು. ತಂಗಿಯ ಮಗಳೇ, ಇದೊಂದನ್ನು ನೆನಪಿಟ್ಟುಕೋ. ಪೆಡಲ್ ಕಿರುಗುಟ್ಟಿದರೆ ಕಂಡಕಂಡಲ್ಲಿ ಎಣ್ಣೆ ಸುರಿಯಬೇಡ. ಒಬ್ಬರನ್ನು ಒತ್ತಲು ಕೂರಿಸಿ, ಬಗ್ಗಿ, ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡು.

"ಸಿಕ್ಕಿಬಿತ್ತು ಕಳ್ಳ. ಇವತ್ತೇ ಸರಿಮಾಡಿಸ್ತೀನಿ" ಎಂದೆ.

ಲಕ್ಷ್ಮಿದೇವಮ್ಮ, "ಯಾಕ್ ಮೇಡಮ್, ಪಾಪ. ಅದರ ಪಾಡಿಗೆ ಅದು ಕೂಗ್ತದೆ" ಎಂದರು. ದಯೆಯ ಮಾತು ಎಂದುಕೊಂಡೆ.

ಮಧ್ಯಾಹ್ನವೇ ಅನ್ವರ್ ಕೀಲಿನೊಳಗಿನ ಸವೆದ ಪ್ಲಾಸ್ಟಿಕ್ ಬಳೆಯನ್ನು ತೆಗೆದು ಹೊಸದು ಹಾಕಿ, ಗ್ರೀಸ್ ಹಚ್ಚಿದರು. ಕಾರು ಮೂಕವಾಯಿತು. ಸ್ಕೂಲಿನ ಮುಂದೆ ನಿಲ್ಲಿಸಿದಾಗ ಚೌಡಪ್ಪನವರು ಹೊರಗೆ ಬಂದು, "ಏಮ್ಮಾ, ಸಪ್ಪುಡೇ ಲೇದು, ಸದ್ದೇ ಇಲ್ಲ. ಗಾಡಿ ಸತ್ತೋಯ್ತಾ?" ಎಂದು ಕೇಳಿದರು. ನನಗೆ ಹೆಮ್ಮೆಯಿಂದ ಊಟವೂ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಟೆಸ್ಟಿಗೆ ಮುಂಚೆ ಒಂದು ಸುತ್ತು ಹೊಡೆಯೋಣವೆಂದು ಲಕ್ಷ್ಮಿದೇವಮ್ಮನನ್ನು ಕೂರಿಸಿದೆ. ಅವರು ಗೇರ್ ಹಾಕಿದರು, ಕ್ಲಚ್ ಬಿಟ್ಟರು. ಕಾರು ಒಮ್ಮೆ ಗುದ್ದಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫ್. ಮೂರನೇ ಸಲ ಇಬ್ಬರ ಹಣೆಯೂ ಮುಂದಕ್ಕೆ ಹೋಗಿ ಬಂತು.

"ಗಾಬರಿ ಆಗಬೇಡಿ" ಎಂದೆ.

"ಗಾಬರಿ ಅಲ್ಲ ಮೇಡಮ್. ಅದರ ಗಂಟ್ಲು ಎಲ್ಲೋಯ್ತು?"

"ಯಾವುದರ ಗಂಟಲು?"

"ಇದರದು" ಎಂದು ಕಾಲಿನಿಂದ ಪೆಡಲ್ ತೋರಿಸಿದರು. "ಕೀ ಅಂದ್ರೆ ಕಾಲು ನಿಲ್ಸೋದು. ಯ್ ಅಂತ ಮುಗ್ದ ಮ್ಯಾಲೆ ಪೂರ್ತಿ ಬಿಡೋದು. ಈಗ ಏನೂ ಅನ್ನಲ್ಲ. ನಂಗೆ ಹೆಂಗ್ ಗೊತ್ತಾಗ್ಬೇಕು?"

"ಎಂಜಿನ್ ದನಿ ಇಳಿಯುತ್ತೆ, ಬಾನೆಟ್ಟು ಏಳುತ್ತೆ ಅಂತ ಹೇಳಿದ್ನಲ್ಲ ಲಕ್ಷ್ಮಿದೇವಮ್ಮ?"

"ಹೇಳ್ತಾನೇ ಇದ್ರಿ. ನಾನು ಕೇಳಿಸ್ಕೊಂಡಿರ್ಲಿಲ್ಲ."

"ಹಾಗಾದ್ರೆ ಇಷ್ಟು ದಿನ ನಾನು ಕಲಿಸಿದ್ದೇನು?"

"ಪಕ್ಕದಲ್ಲಿ ಕೂತಿದ್ರಿ. ಧೈರ್ಯ ಇತ್ತು."

ಅನ್ವರ್‌ಗೆ ಫೋನ್ ಮಾಡಿ ಹಳೆಯ ಬಳೆಯನ್ನು ವಾಪಸು ಹಾಕಲು ಆಗುತ್ತದೆಯೇ ಎಂದು ಕೇಳಿದೆ. "ಮೇಡಮ್, ಸದ್ದು ತೆಗೀರಿ ಅಂತ ಊರೆಲ್ಲಾ ಬರ್ತಾರೆ. ಸದ್ದು ಹಾಕಿ ಅಂತ ಕೇಳಿದ್ದು ನೀವೊಬ್ರೇ. ಅದನ್ನ ಕಸಕ್ಕೆ ಎಸ್ದೆ, ಕಸದ ಗಾಡೀನೂ ಬಂದು ಹೋಯ್ತು" ಎಂದರು.

ಟೆಸ್ಟಿನ ಮೈದಾನದಲ್ಲಿ ಸರದಿ ನಿಂತಿತ್ತು. ಲಕ್ಷ್ಮಿದೇವಮ್ಮ ಯಾರೊಂದಿಗೂ ಮಾತಾಡದೆ, ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ ಕೂತಿದ್ದರು. ದೇವರ ನಾಮ ಹೇಳಿಕೊಳ್ಳುತ್ತಿದ್ದಾರೆಂದು ನಾನು ದೂರವೇ ನಿಂತೆ. ಅವರ ಹೆಸರು ಕೂಗಿದಾಗ ನಾನು ಇಳಿದೆ, ನನ್ನ ಜಾಗದಲ್ಲಿ ಇನ್‌ಸ್ಪೆಕ್ಟರು ಕೂತರು. ನಗುವುದನ್ನು ಮನೆಯಲ್ಲಿ ಬಿಟ್ಟುಬಂದಂಥ ಮುಖದ ಮನುಷ್ಯ.

ಕಾರು ಸ್ಟಾರ್ಟ್ ಆಯಿತು. ಒಂದು ಗುದ್ದು, ಆಫ್. ನಾನು ಸೆರಗಿನ ತುದಿ ಹಿಡಿದುಕೊಂಡೆ. ಮತ್ತೆ ಸ್ಟಾರ್ಟ್ ಆಯಿತು. ತೆರೆದ ಕಿಟಕಿಯಿಂದ ಸ್ಪಷ್ಟವಾಗಿ "ಕೀಂ...ಯ್" ಎಂದು ಕೇಳಿಸಿತು. ಕಾರು ಬೆಣ್ಣೆಯಂತೆ ಹೊರಟಿತು. ಅನ್ವರ್ ಹಾಕಿದ ಹೊಸ ಬಳೆ ಒಂದೇ ದಿನಕ್ಕೆ ಕೈಕೊಟ್ಟಿತೆಂದು ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಎಂಟಿನ ಮೊದಲ ತಿರುವಿನಲ್ಲಿ ನಿಂತು ಹೊರಡುವಾಗ "ಕೀಂ...ಯ್". ನಡುವೆ ಇನ್ನೊಮ್ಮೆ. ಒಂದು ಗೂಟಕ್ಕೂ ತಾಗಿಸದೆ ಎಂಟು ಮುಗಿಯಿತು. ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹತ್ತಿಸುವಾಗ ಮಾತ್ರ ಸದ್ದು ಬಹಳ ಉದ್ದವಾಗಿ ಬಂತು, ಕೊನೆಯಲ್ಲಿ ಸ್ವಲ್ಪ ಕೆಮ್ಮಿದಂತೆಯೂ ಆಯಿತು.

ಇನ್‌ಸ್ಪೆಕ್ಟರು ಇಳಿದು ಬಂದರು. ಕಾಗದದ ಮೇಲೆ ಬರೆದು ಸಹಿ ಹಾಕಿದರು.

"ಪಾಸು. ಕಂಟ್ರೋಲು ಚೆನ್ನಾಗಿದೆ" ಎಂದರು.

"ಸಾರ್, ಆ ಕ್ಲಚ್ಚಿನ ಸದ್ದು, ನಾಳೆನೇ ಗ್ರೀಸ್ ಹಾಕಿಸ್ತೀನಿ" ಎಂದೆ ನಾನು, ಅವರು ಹೇಳುವ ಮೊದಲೇ.

ಅವರು ನನ್ನನ್ನು ನೋಡಿದರು. ಮುಖ ಹಾಗೆಯೇ ಇತ್ತು. "ಕ್ಲಚ್ಚಿಗೆ ಗ್ರೀಸ್ ಬೇಡಮ್ಮ. ಆ ತಾಯಿಗೆ ಒಂದು ಲೋಟ ನೀರು ಕೊಡಿ. ಗಂಟಲು ಒಣಗಿರುತ್ತೆ."

ಅವರು ಮುಂದಿನ ಕಾರಿನ ಕಡೆ ಹೋದ ಮೇಲೆ ಓಡಿಹೋಗಿ ನೋಡಿದೆ. ಲಕ್ಷ್ಮಿದೇವಮ್ಮ ಸ್ಟೇರಿಂಗ್ ಹಿಡಿದುಕೊಂಡು, ಬಾಯಾರಿ, ಕೆಮ್ಮುತ್ತಾ ಕೂತಿದ್ದರು.

"ನೀವೇ ಕೂಗಿದ್ರಾ?"

"ಇನ್ನೇನ್ ಮಾಡ್ಲಿ? ಅದು ಕೂಗಲ್ಲ ಅಂದ್ರೆ ಯಾರಾದ್ರೂ ಕೂಗಬೇಕಲ್ಲ. ಕೂತ್ಕಂಡು ಅದೇ ಅಭ್ಯಾಸ ಮಾಡ್ತಿದ್ದೆ. ಎಷ್ಟು ಉದ್ದ ಅನ್ನೋದು ಬಾಯಿಗೆ ಬಂದಿತ್ತು."

"ಸಾಹೇಬ್ರು ಏನೂ ಅನ್ನಲಿಲ್ವಾ?"

"ಮೊದ್ಲು ಒಂದ್ಸಲ ನನ್ನ ಕಡೆ ತಿರುಗಿ ನೋಡಿದ್ರು. ನಾನು ರೋಡ್ ನೋಡ್ತಿದ್ದೆ. ನೀವೇ ಹೇಳಿದ್ದಲ್ವಾ, ಬೇರೆ ಕಡೆ ನೋಡ್ಬಾರ್ದು ಅಂತ."

ನಾನು ಬಾಗಿಲು ಹಿಡಿದುಕೊಂಡು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಸರದಿಯಲ್ಲಿದ್ದವರು ಯಾರೋ ಫೇಲಾಗಿ ಅಳುತ್ತಿದ್ದಾರೆಂದು ತಿಳಿದು ಸಮಾಧಾನ ಹೇಳಲು ಬಂದರು. ಲಕ್ಷ್ಮಿದೇವಮ್ಮ ಮಾತ್ರ ನಗಲಿಲ್ಲ. ಪಾಸಾದ ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಭಾನುವಾರ ಬರುವವರಿಗೆ ಬರಬೇಡಿ ಎಂದು ಈಗಲೇ ಫೋನ್ ಮಾಡಬೇಕು, ನಂಬರು ಯಜಮಾನರ ಹತ್ತಿರ ಇದೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಬಸ್ಸಿಗೆ ಬಿಡಲಿಲ್ಲ. ಯಲ್ದೂರಿನವರೆಗೆ ನಮ್ಮ ಕಾರಿನಲ್ಲೇ ಹೋದೆವು, ಅವರೇ ಓಡಿಸಿದರು, ದಾರಿಯುದ್ದಕ್ಕೂ ಕೂಗಿದರು.

ಈಗ ಕೊನೆಯದೊಂದು ಸಂಗತಿ. ಈ ಕೆಲಸ ಮಾಡಿದವರಿಗೆ ಯಾರ ಗಾಡಿಯಲ್ಲೂ ನೆಮ್ಮದಿಯಾಗಿ ಕೂರಲು ಆಗುವುದಿಲ್ಲ. ನಮ್ಮ ಯಜಮಾನರ ಸ್ಕೂಟರಿನ ಹಿಂದೆ ಕೂತರೂ ನನ್ನ ಕಾಲು ಗಾಳಿಯಲ್ಲಿ ಬ್ರೇಕ್ ಹುಡುಕುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಚಪ್ಪಲಿ ತುಳಿದು ಬೈಸಿಕೊಂಡಿದ್ದೇನೆ. ನಿವೃತ್ತಳಾದ ಮೇಲಾದರೂ ಹೋದೀತೆಂದುಕೊಂಡರೆ ಹೋಗಲಿಲ್ಲ.

ಹೋದ ಟೊಮೇಟೊ ಕಾಲದಲ್ಲಿ ಯಲ್ದೂರಿನಲ್ಲಿ ಒಂದು ಮದುವೆಗೆ ಹೋಗಿ, ಬೆಳಗಿನ ಜಾವ ಕೋಲಾರಕ್ಕೆ ಹೊರಡಲು ರಸ್ತೆಯಲ್ಲಿ ನಿಂತಿದ್ದೆ. ಕ್ರೇಟು ತುಂಬಿದ ಒಂದು ವ್ಯಾನ್ ಬಂದು ಪಕ್ಕದಲ್ಲಿ ನಿಂತಿತು. ಒಳಗೆ ಲಕ್ಷ್ಮಿದೇವಮ್ಮ. ತಲೆಗೆ ಟವೆಲ್ ಸುತ್ತಿಕೊಂಡಿದ್ದರು.

"ಹತ್ತಿ ಮೇಡಮ್. ಮಂಡಿ ತಾವ ಇಳಿಸ್ತೀನಿ."

ಹತ್ತಿದೆ. ವ್ಯಾನ್ ಹೊರಟಿತು. ಅವರ ಬಾಯಿ ಮುಚ್ಚಿತ್ತು, ಪೆಡಲೂ ಸುಮ್ಮನಿತ್ತು. ಮೊದಲ ತಿರುವಿನಲ್ಲಿ ನನ್ನ ಕಾಲು ಅಭ್ಯಾಸಬಲದಿಂದ ಒಂದು ಸಲ ಮುಂದೆ ಹೋಯಿತು. ಎರಡನೆಯ ತಿರುವು ನನಗೆ ನೆನಪಿಲ್ಲ. ರಾತ್ರಿ ನಿದ್ದೆಗೆಂದು ಸೊಸೆ ಕೊಡುವ ಮಾತ್ರೆಗೂ ಬಾರದ ನಿದ್ದೆ ಬಂದಿತ್ತು.

ಹೆಗಲು ತಟ್ಟಿ ಎಬ್ಬಿಸಿದಾಗ ಸುತ್ತ ಹಗಲಾಗಿತ್ತು. ಹರಾಜಿನವರು ಆಗಷ್ಟೇ ಬರುತ್ತಿದ್ದರು.

"ಮಂಡಿ ಬಂತು ಮೇಡಮ್" ಎಂದರು ಲಕ್ಷ್ಮಿದೇವಮ್ಮ. "ಏಳಿ, ನಾವೇ ಫಸ್ಟು."